ಓಬೊ ಡಾಕ್ಟರಿಗೆ ಕರೆ ಬಂದರೆ?

ಡಾಕ್ಟರು, ನರ್ಸು, ಲ್ಯಾಬಿನವರು ಸೇರಿ ಕಟ್ಟಿಕೊಂಡ ಆರ್ಕೆಸ್ಟ್ರಾಗೆ ರಿಹರ್ಸಲ್ ಮಾಡಿಸುವುದು ನನ್ನ ಕೆಲಸ. "ಅವರಿಗೆ ನುಡಿಸೋಕೆ ಬರುತ್ತಾ?" ಅಂತ ಜನ ಕೇಳುತ್ತಾರೆ. ಚೆನ್ನಾಗೇ ಬರುತ್ತೆ. ಚಿಕ್ಕಂದಿನಲ್ಲಿ ಕಲಿತು, ಓದಿನ ಗಡಿಬಿಡಿಯಲ್ಲಿ ವಾದ್ಯವನ್ನು ಮೂಲೆಗಿಟ್ಟವರೇ ಜಾಸ್ತಿ. ನನ್ನ ತಲೆನೋವು ಬೇರೆ: ಇವತ್ತು ಯಾರ್ಯಾರು ಬರುತ್ತಾರೆ?

ಪಿಟೀಲಿನವರಲ್ಲಿ ಇಬ್ಬರು ಕಡಿಮೆಯಾದರೆ ಹೇಗೋ ನಡೆಯುತ್ತದೆ. ಒಂದೇ ಸಾಲನ್ನು ಹಲವರು ನುಡಿಸುತ್ತಿರುತ್ತಾರೆ. ಊದುವ ವಾದ್ಯದವರಿಗೆ ಹಾಗಲ್ಲ, ಒಬ್ಬೊಬ್ಬರಿಗೆ ಒಂದೊಂದು ಸಾಲು. ಬೀಥೋವನ್ ಆರ್ಕೆಸ್ಟ್ರಾಗೆಂದು ಬರೆದ ದೊಡ್ಡ ಕೃತಿ, ಐದನೇ ಸಿಂಫನಿಯನ್ನೇ ನೋಡಿ. ಮೊದಲ ಭಾಗದಲ್ಲಿ ಒಂದು ಕಡೆ ಎಲ್ಲರೂ ಸುಮ್ಮನಾಗುತ್ತಾರೆ, ಓಬೊ ಅನ್ನುವ ಊದುವ ವಾದ್ಯ ಒಂದೇ ನಿಧಾನವಾಗಿ ಒಂದು ಪುಟ್ಟ ಸಾಲು ನುಡಿಸುತ್ತದೆ. ಆ ಹೊತ್ತಿಗೆ ಓಬೊ ಡಾಕ್ಟರು ಹೆರಿಗೆ ವಾರ್ಡಿನಲ್ಲಿದ್ದರೆ?

ಅದಕ್ಕೇ ಆ ಸಾಲನ್ನು ಕ್ಲಾರಿನೆಟ್‌ನವರ ಹಾಳೆಯಲ್ಲೂ ಪೆನ್ಸಿಲ್‌ನಲ್ಲಿ ಬರೆದಿಡುತ್ತೇವೆ. ಸುಮ್ನೆ ನಕಲು ಮಾಡಿದರೆ ಆಗದು. ಬಿ-ಫ್ಲಾಟ್ ಅನ್ನುವ ಬಗೆಯ ಕ್ಲಾರಿನೆಟ್, ಹಾಳೆಯಲ್ಲಿ ಬರೆದದ್ದಕ್ಕಿಂತ ಒಂದು ಪೂರ್ತಿ ಸ್ವರ ಕೆಳಗೆ ಕೇಳಿಸುತ್ತದೆ, ಹಾಗಾಗಿ ಅಷ್ಟೇ ಮೇಲೇರಿಸಿ ಬರೆಯಬೇಕು.

ಕರೆ ಬರಬಹುದಾದವರು ಸಾಲಿನ ತುದಿಯಲ್ಲಿ, ಬಾಗಿಲ ಪಕ್ಕ ಕೂರುತ್ತಾರೆ. ಫೋನ್ ಜೇಬಿನಲ್ಲೇ ಇರಬೇಕು. ಕಬ್ಬಿಣದ ಸ್ಟ್ಯಾಂಡ್ ಮೇಲಿಟ್ಟರೆ ವೈಬ್ರೇಟ್ ಆದಾಗ ಇಡೀ ಹಾಲಿಗೆ ಕೇಳಿಸುತ್ತದೆ.

ಬರ್ಲಿನ್‌ನಲ್ಲಿ 2007ರಲ್ಲಿ ಶುರುವಾದ ವರ್ಲ್ಡ್ ಡಾಕ್ಟರ್ಸ್ ಆರ್ಕೆಸ್ಟ್ರಾದ ದಾರಿ ಬೇರೆ. ಬೇರೆ ಬೇರೆ ದೇಶದ ಡಾಕ್ಟರುಗಳು ಕೆಲವೇ ದಿನ ಒಂದೆಡೆ ಸೇರಿ, ರಿಹರ್ಸಲ್ ಮಾಡಿ, ಕಾರ್ಯಕ್ರಮ ಕೊಟ್ಟು ಹೊರಡುತ್ತಾರೆ. ಡ್ಯೂಟಿಯ ಕಾಟವಿಲ್ಲ. ಬಾಸ್ಟನ್‌ನ ಲಾಂಗ್‌ವುಡ್ ಸಿಂಫನಿ ಅನ್ನುವ ವೈದ್ಯಕೀಯ ರಂಗದವರ ಆರ್ಕೆಸ್ಟ್ರಾದಂತೆ (1982ರಿಂದ ಇದೆ) ಒಂದೇ ಊರಿನಲ್ಲಿ ಇದ್ದುಕೊಂಡು ನುಡಿಸುವವರಿಗೆ ಆ ಅನುಕೂಲ ಎಲ್ಲಿಂದ ಬರಬೇಕು?

ಇನ್ನೊಂದು ತೊಂದರೆ ಇವರ ಕಸುಬಿನಿಂದಲೇ ಬಂದದ್ದು. ವಾರ್ಡಿನಲ್ಲಿ, ಲ್ಯಾಬಿನಲ್ಲಿ ಎರಡು ಸಲ ನೋಡಿಯೇ ಕೈ ಹಾಕುವವರು. ಇಲ್ಲೂ ಅದೇ ಚಾಳಿ. ಮೂವತ್ತು ಬಾರ್ (ತಾಳದ ಒಂದೊಂದು ಸುತ್ತು) ಸುಮ್ಮನೆ ಎಣಿಸುತ್ತಾ ಕೂತು, ತಮ್ಮ ಸರದಿ ಬಂದಾಗ ಪಕ್ಕದವರು ಶುರು ಮಾಡಲಿ ಅಂತ ಕಾಯುತ್ತಾರೆ. ಪಕ್ಕದವರೂ ಕಾಯುತ್ತಿರುತ್ತಾರೆ! ಎಲ್ಲರೂ ತಡ, ಎಲ್ಲರೂ ಮೆಲ್ಲಗೆ. "ತಪ್ಪಾದರೂ ಜೋರಾಗಿ ನುಡಿಸಿ, ಕೇಳಿಸಿದರೆ ತಾನೇ ನಾನು ಸರಿ ಮಾಡೋದು?" ಅಂತ ಹೇಳಿ ಹೇಳಿ ನನಗೇ ಸಾಕಾಗಿದೆ. ವಿಚಿತ್ರ ಅಂದರೆ, ಆಪರೇಷನ್ ಮಾಡುವವರೇ ಇದರಲ್ಲಿ ಎಲ್ಲರಿಗಿಂತ ಹಿಂದೆ.

ಕಾರ್ಯಕ್ರಮದ ದಿನಕ್ಕೆ ಮಾತ್ರ ಪೆನ್ಸಿಲ್ ಸಾಲು ಸಾಲದು. ಓಬೊ, ಹಾರ್ನ್‌ಗೆ ಬದಲಿ ಜನರನ್ನು ಮೊದಲೇ ಗೊತ್ತು ಮಾಡಿ, ಕೊನೆಯ ಎರಡು ರಿಹರ್ಸಲ್‌ಗೂ ಕೂರಿಸಿಕೊಳ್ಳುತ್ತೇನೆ.