ಮುಡಿಪು, ಆಣೆ, ಗುಟ್ಟು, ಸಂಸ್ಕಾರ: ಒಂದು ಲ್ಯಾಟಿನ್ ಪದ ನಡೆದು ಬಂದ ದಾರಿ

ಮಂಗಳೂರಿನ ಕೊಂಕಣಿ ಕ್ಯಾಥೊಲಿಕರು ‘ಸಾಕ್ರಾಮೆಂತ್’ ಅನ್ನುತ್ತಾರೆ. ಕನ್ನಡದಲ್ಲಿ ಪೂಜೆ ನಡೆಯುವ ಚರ್ಚುಗಳಲ್ಲಿ ಅದೇ ‘ಸಂಸ್ಕಾರ’, ಅಂದರೆ ಚರ್ಚಿನ ಪವಿತ್ರ ವಿಧಿ. ಜ್ಞಾನಸ್ನಾನ, ಪರಮಪ್ರಸಾದ, ಮದುವೆ ಎಲ್ಲ ಸೇರಿ ಒಟ್ಟು ಏಳು. ಎರಡೂ ಮಾತುಗಳ ಹಿಂದೆ ಇರುವುದು ‘ಸಾಕ್ರಮೆಂತುಮ್’ ಎಂಬ ಒಂದೇ ಲ್ಯಾಟಿನ್ ಪದ. ಕ್ರಿಸ್ತ ಹುಟ್ಟುವ ಎಷ್ಟೋ ಮೊದಲೇ ಈ ಪದ ರೋಮ್‌ನ ಕೋರ್ಟುಗಳಲ್ಲಿ ಓಡಾಡುತ್ತಿತ್ತು.

ಅಲ್ಲಿ ಇಬ್ಬರ ನಡುವೆ ವ್ಯಾಜ್ಯ ಎದ್ದರೆ ಇಬ್ಬರೂ ಒಂದಿಷ್ಟು ಹಣ ಪಣಕ್ಕಿಡಬೇಕಿತ್ತು. ಆ ಹಣಕ್ಕೇ ಸಾಕ್ರಮೆಂತುಮ್ ಎಂದು ಹೆಸರು. ‘ಸಾಕೆರ್’ ಅಂದರೆ ದೇವರಿಗೆ ಸೇರಿದ್ದು. ಗೆದ್ದವನು ತನ್ನ ಪಾಲನ್ನು ದೇವರ ಜಾಗದಿಂದ ವಾಪಸ್ ಪಡೆಯುತ್ತಿದ್ದ, ಸೋತವನದ್ದು ಖಜಾನೆಗೆ ಹೋಗುತ್ತಿತ್ತು ಎಂದು ರೋಮ್‌ನ ಪಂಡಿತ ವಾರೋ ಬರೆದಿದ್ದಾನೆ. ನಮ್ಮ ‘ಮುಡಿಪು’ ಇದಕ್ಕೆ ತುಂಬಾ ಹತ್ತಿರ. ದೇವರ ಹೆಸರಲ್ಲಿ ಎತ್ತಿಟ್ಟ ಹಣವನ್ನು ಮತ್ತೆ ಮುಟ್ಟುವ ಹಾಗಿಲ್ಲ ಅಲ್ವಾ, ಅದೇ ಭಾವ.

ಎರಡನೇ ಶತಮಾನದ ಕಾನೂನು ಪಂಡಿತ ಗಾಯಸ್ ಇದರ ಲೆಕ್ಕವನ್ನೂ ಕೊಡುತ್ತಾನೆ. ವ್ಯಾಜ್ಯದ ವಸ್ತು 1000 ಆಸ್ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯದಾದರೆ 500 ಆಸ್ ಪಣ. ಕಡಿಮೆಯಾದರೆ 50. ಆಸ್ ಎಂಬುದು ರೋಮ್‌ನ ಕಂಚಿನ ನಾಣ್ಯ. ಈ ನಿಯಮಕ್ಕೆ ಇದ್ದ ಒಂದು ವಿನಾಯಿತಿ ನನ್ನನ್ನು ಹಿಡಿದು ನಿಲ್ಲಿಸಿತು. ಒಬ್ಬ ಮನುಷ್ಯ ಗುಲಾಮನೋ ಸ್ವತಂತ್ರನೋ ಎಂಬ ವ್ಯಾಜ್ಯವಾದರೆ, ಅವನ ಬೆಲೆ ಎಷ್ಟೇ ಇರಲಿ, ಪಣ ಬರೀ 50 ಆಸ್. ಅವನ ಪರವಾಗಿ ನಿಲ್ಲುವವರಿಗೆ ಭಾರವಾಗಬಾರದು ಎಂದು ರೋಮ್‌ನ ಹಳೆಯ ಲಿಖಿತ ಕಾನೂನಾದ ‘ಹನ್ನೆರಡು ಫಲಕಗಳು’ ಹಾಗೆ ಗೊತ್ತುಮಾಡಿದ್ದವು. ಗುಲಾಮರನ್ನು ಸಾಕಿದ ಸಮಾಜವೇ ಬಿಡುಗಡೆಯ ಬಾಗಿಲನ್ನು ಇಷ್ಟಾದರೂ ತೆರೆದಿಟ್ಟಿತ್ತು.

ಇದೇ ಪದ ಸೈನ್ಯದಲ್ಲಿ ‘ಆಣೆ’ ಆಗಿತ್ತು. ಸೈನಿಕ ಸೇರುವಾಗ ಮಾಡುವ ಪ್ರಮಾಣವೂ ಸಾಕ್ರಮೆಂತುಮ್. ಇದರ ಜೊತೆಗೆ ಸೈನಿಕರು ತಮ್ಮತಮ್ಮಲ್ಲೇ ಇನ್ನೊಂದು ಮಾತು ಕೊಟ್ಟುಕೊಳ್ಳುತ್ತಿದ್ದರು ಎಂದು ರೋಮ್‌ನ ಇತಿಹಾಸಕಾರ ಲಿವಿ ಹೇಳುತ್ತಾನೆ: ಆಯುಧ ತರಲು, ಶತ್ರುವನ್ನು ಹೊಡೆಯಲು, ಇಲ್ಲವೇ ನಮ್ಮವನೊಬ್ಬನನ್ನು ಉಳಿಸಲು ಬಿಟ್ಟರೆ ಸಾಲು ಬಿಟ್ಟು ಕದಲುವುದಿಲ್ಲ. ಕ್ರಿ.ಪೂ. 216ರಲ್ಲಿ, ಕಾನೇ ಯುದ್ಧಕ್ಕೆ ಮುಂಚೆ, ಅಧಿಕಾರಿಗಳು ಇದನ್ನೂ ಕಡ್ಡಾಯ ಮಾಡಿದರು.

ಕ್ರೈಸ್ತರ ವಿಷಯದಲ್ಲಿ ಈ ಪದ ಬಳಸಿದ ಮೊದಲಿಗರಲ್ಲಿ ಒಬ್ಬ ಕ್ರೈಸ್ತನೇ ಅಲ್ಲ. ಸುಮಾರು ಕ್ರಿ.ಶ. 112ರಲ್ಲಿ ಬಿಥಿನಿಯಾದ ರಾಜ್ಯಪಾಲ ಪ್ಲಿನಿ, ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದ. ಈ ಜನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಸಾಕ್ರಮೆಂತುಮ್‌ನಿಂದ ತಮ್ಮನ್ನು ಕಟ್ಟಿಕೊಳ್ಳುತ್ತಾರೆ ಎಂದು ವರದಿ ಮಾಡಿದ. ಯಾವುದೋ ಪಿತೂರಿಗಾಗಿ ಅಲ್ಲ. ಕದಿಯುವುದಿಲ್ಲ, ಹಾದರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ಇನ್ನೊಬ್ಬರು ನಂಬಿ ಇಟ್ಟ ಹಣವನ್ನು ಕೇಳಿದಾಗ ಇಲ್ಲ ಅನ್ನುವುದಿಲ್ಲ ಎಂದು. ಸುಮಾರು 80 ವರ್ಷ ಕಳೆದ ಮೇಲೆ ಕಾರ್ತೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಜೈಲಿನಲ್ಲಿದ್ದ ಕ್ರೈಸ್ತರಿಗೆ ಇದನ್ನೇ ನೆನಪಿಸಿದ. ಸಾಕ್ರಮೆಂತುಮ್‌ನ ಮಾತುಗಳಿಗೆ ಉತ್ತರ ಕೊಟ್ಟ ದಿನವೇ ನಾವು ದೇವರ ಸೈನ್ಯಕ್ಕೆ ಸೇರಿದ್ದೇವೆ ಎಂದ. ಅವನಿಗೆ ಜ್ಞಾನಸ್ನಾನ ಸೈನಿಕನ ಆಣೆಯಂತೆಯೇ ಇತ್ತು.

ಪದ ದೊಡ್ಡ ತಿರುವು ತೆಗೆದುಕೊಂಡದ್ದು ಅನುವಾದದಲ್ಲಿ. ಗ್ರೀಕ್ ಬೈಬಲ್‌ನಲ್ಲಿ ‘ಮಿಸ್ಟೇರಿಯೊನ್’ ಎಂಬ ಪದ ಬರುತ್ತದೆ. ಗುಟ್ಟು, ಮರ್ಮ ಎಂದು ಅದರ ಅರ್ಥ. ಲ್ಯಾಟಿನ್‌ಗೆ ತಂದವರು ಅನೇಕ ಕಡೆ ಅದಕ್ಕೆ ಸಾಕ್ರಮೆಂತುಮ್ ಎಂದೇ ಹಾಕಿದರು. ಬೈಬಲ್‌ನ ತೋಬಿತನ ಪುಸ್ತಕದಲ್ಲಿ ‘ರಾಜನ ಗುಟ್ಟನ್ನು ಮುಚ್ಚಿಡುವುದು ಒಳ್ಳೆಯದು’ ಎಂಬ ಸಾಲಿನಲ್ಲೂ ಜೆರೋಮ್ ಬಳಸಿದ್ದು ಸಾಕ್ರಮೆಂತುಮ್. ಅಲ್ಲಿ ಆಣೆಯೂ ಇಲ್ಲ, ಪೂಜೆಯೂ ಇಲ್ಲ. ಬರೀ ಅರಮನೆಯ ಗುಟ್ಟು.

ಬೈಬಲ್‌ನಲ್ಲಿ ಪೌಲನ ಹೆಸರಿನಲ್ಲಿರುವ, ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಮಾತ್ರ ಇದರ ಪರಿಣಾಮ ದೊಡ್ಡದಾಯಿತು. ಗಂಡ ಹೆಂಡತಿ ಒಂದೇ ದೇಹವಾಗುವ ಮಾತು ಬಂದ ಕೂಡಲೇ ‘ಇದು ದೊಡ್ಡ ಮಿಸ್ಟೇರಿಯೊನ್’ ಎಂಬ ಸಾಲಿದೆ. ಲ್ಯಾಟಿನ್‌ನಲ್ಲಿ ಅದು ‘ದೊಡ್ಡ ಸಾಕ್ರಮೆಂತುಮ್’ ಆಯಿತು. ಆಗಿನ್ನೂ ಆ ಪದ ತುಂಬಾ ಸಡಿಲವಾಗಿತ್ತು. ಬಿಷಪ್ ಅಗಸ್ಟೀನ್, ಕ್ರೈಸ್ತರಾಗಲು ಬಂದ ಹೊಸಬರ ನಾಲಿಗೆಗೆ ಇಡುವ ಉಪ್ಪನ್ನೂ ಸಾಕ್ರಮೆಂತುಮ್ ಎನ್ನುತ್ತಿದ್ದ. ಪವಿತ್ರವಾದುದನ್ನು ತೋರಿಸುವ ಯಾವ ಗುರುತಾದರೂ ಆಗಬಹುದಿತ್ತು. 12ನೇ ಶತಮಾನದಲ್ಲಿ ಪ್ಯಾರಿಸ್‌ನ ಪೀಟರ್ ಲೊಂಬಾರ್ಡ್ ಏಳರ ಪಟ್ಟಿ ಮಾಡಿದ. ಮದುವೆಯೂ ಅದರಲ್ಲಿತ್ತು. ಪಟ್ಟಿ ಗಟ್ಟಿಯಾದ ಮೇಲೆ ಎಫೆಸದ ಆ ಹಳೆಯ ಸಾಲನ್ನು ಓದಿದವರಿಗೆ ಅಲ್ಲಿ ಕಂಡದ್ದು ಮರ್ಮವಲ್ಲ, ಮದುವೆಯೆಂಬ ಸಂಸ್ಕಾರ.

1516ರಲ್ಲಿ ಪಂಡಿತ ಎರಾಸ್ಮಸ್ ಹೊಸ ಒಡಂಬಡಿಕೆಯ ಗ್ರೀಕ್ ಮೂಲವನ್ನು ಅಚ್ಚು ಹಾಕಿಸಿದಾಗ ಈ ಎಳೆ ಬಿಚ್ಚಿಕೊಂಡಿತು. 1520ರಲ್ಲಿ ಚರ್ಚ್ ಸುಧಾರಕ ಲೂಥರ್ ನೇರವಾಗಿಯೇ ಬರೆದ: ಗ್ರೀಕ್‌ನಲ್ಲಿರುವುದು ಗುಟ್ಟು ಎಂಬ ಪದ, ಆದ್ದರಿಂದ ಮದುವೆ ಸಂಸ್ಕಾರವಲ್ಲ. ಏಳರಲ್ಲಿ ಅವನು ಕೊನೆಗೆ ಉಳಿಸಿಕೊಂಡದ್ದು ಎರಡು ಮಾತ್ರ. 1547ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಸಭೆ ಏಳಕ್ಕೆ ಒಂದೂ ಕಡಿಮೆಯಿಲ್ಲ, ಜಾಸ್ತಿಯೂ ಇಲ್ಲ ಎಂದು ಸಾರಿತು. ಆದರೆ 1563ರಲ್ಲಿ ಮದುವೆಯ ಬಗ್ಗೆ ಬರೆಯುವಾಗ ಅದೇ ಸಭೆ, ಪೌಲನು ಇದನ್ನು ‘ಸೂಚಿಸುತ್ತಾನೆ’ ಎಂಬ ಹುಷಾರಿನ ಮಾತು ಬಳಸಿತು. ಇಡೀ ಜಗಳ ಅನುವಾದದ ತಪ್ಪಿನಿಂದಲೇ ಹುಟ್ಟಿತು ಎಂದು ಹೇಳಿಬಿಡುವುದು ಸುಲಭ. ನನಗೆ ಅದು ಸರಿ ಅನ್ನಿಸುವುದಿಲ್ಲ. ಮದುವೆಯ ಕಟ್ಟು ಬಿಚ್ಚಬಾರದು ಎಂಬ ನಂಬಿಕೆಗೆ ಬೇರೆ ಬೇರುಗಳೂ ಇದ್ದವು. ಒಂದು ಪದ ಆ ನಂಬಿಕೆಗೆ ಊರುಗೋಲಾಗಿತ್ತು, ಅಷ್ಟೇ.

ಚರ್ಚಿನ ಹೊರಗೆ ಹಳೆಯ ಅರ್ಥ ಸಾಯಲಿಲ್ಲ. 842ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಲೂಯಿ ಮತ್ತು ಚಾರ್ಲ್ಸ್ ಎಂಬ ಅಣ್ಣತಮ್ಮಂದಿರು ಪ್ರಮಾಣ ಮಾಡಿದರು. ಫ್ರೆಂಚ್ ಭಾಷೆಯ ಅತಿ ಹಳೆಯ ಬರಹ ಎಂದು ಹೆಸರಾದದ್ದು ಅದೇ. ಅದರಲ್ಲಿ ಆಣೆಗೆ ಇರುವ ಪದ ‘ಸಾಗ್ರಮೆಂತ್’. ಇಂದಿನ ಫ್ರೆಂಚಿನಲ್ಲಿ ಆಣೆಗೆ ಹೇಳುವ ‘ಸೆರ್ಮಾಂ’ ಅದರ ಮೊಮ್ಮಗ. ಕೆನಡಾದ ಕ್ವಿಬೆಕ್‌ನಲ್ಲಂತೂ ಸಿಟ್ಟು ಬಂದವರ ಬಾಯಲ್ಲಿ ಸಾಕ್ರಮೆಂತುಮ್ ಬೈಗುಳವೇ ಆಗಿಬಿಟ್ಟಿದೆ.

ಕನ್ನಡಕ್ಕೆ ಬರುವಾಗ ಅದು ‘ಸಂಸ್ಕಾರ’ ಎಂಬ ಬಟ್ಟೆ ತೊಟ್ಟಿತು. ಮನುಷ್ಯನನ್ನು ತಿದ್ದಿ ಹದ ಮಾಡುವ ಅರ್ಥ ನಮ್ಮ ಪದದಲ್ಲಿ ಇದೆ. ಆಣೆ ಮಾತ್ರ ಕಾಣಿಸುವುದಿಲ್ಲ. ಆದರೆ ಜ್ಞಾನಸ್ನಾನ ನಡೆಯುವಲ್ಲಿ ನಿಂತು ನೋಡಿ. ಸೈತಾನನನ್ನು ತ್ಯಜಿಸುತ್ತೀರಾ ಎಂದು ಗುರುಗಳು ಕೇಳುತ್ತಾರೆ. ದೇವರನ್ನು ನಂಬುತ್ತೀರಾ ಎಂದು ಕೇಳುತ್ತಾರೆ. ಮಗುವಿಗೆ ಇನ್ನೂ ಮಾತು ಬರುವುದಿಲ್ಲ. ಅದನ್ನು ಎತ್ತಿಕೊಂಡು ನಿಂತ ಅಪ್ಪ ಅಮ್ಮ ಒಂದೊಂದು ಪ್ರಶ್ನೆಗೂ ಬಾಯಿಬಿಟ್ಟು ಉತ್ತರ ಕೊಡುತ್ತಾರೆ.