ಕ್ಯಾನ್ಸರ್ ಇದೆ ಎಂಬ ಕಾರಣವೊಂದೇ ಅಮೆರಿಕದ ಅಂಗವೈಕಲ್ಯ ಭತ್ಯೆಗೆ ಸಾಕೇ?

ಪ್ರಶ್ನೆ: ಅಮೆರಿಕದಲ್ಲಿ ಹಲವು ವರ್ಷಗಳಿಂದ ಉದ್ಯೋಗದಲ್ಲಿರುವ ನನ್ನ ಅಕ್ಕನಿಗೆ ಎರಡನೇ ಹಂತದ ಸ್ತನ ಕ್ಯಾನ್ಸರ್ ಪತ್ತೆಯಾಗಿದ್ದು, ಕಿಮೋಥೆರಪಿಯ ಕಾರಣ ಕೆಲಸಕ್ಕೆ ಹೋಗಲಾಗುತ್ತಿಲ್ಲ. ಅವರಿಗೆ ಸೋಶಿಯಲ್ ಸೆಕ್ಯುರಿಟಿಯ (ಅಮೆರಿಕ ಸರ್ಕಾರದ ಸಾಮಾಜಿಕ ಭದ್ರತಾ ವ್ಯವಸ್ಥೆ) ಅಂಗವೈಕಲ್ಯ ಭತ್ಯೆ ಸಿಗುತ್ತದೆಯೇ?

ಉತ್ತರ: ಸಿಗಬಹುದು, ಆದರೆ ಕಾಯಿಲೆಯ ಹೆಸರಿನಿಂದಲ್ಲ. ಗಣನೀಯ ಸಂಪಾದನೆ ತರುವ ಕೆಲಸವನ್ನು ಮಾಡಲಾಗದ ಸ್ಥಿತಿಯು ಕನಿಷ್ಠ 12 ತಿಂಗಳು ಇರಬೇಕು, ಅಷ್ಟು ಕಾಲ ಇರುವ ನಿರೀಕ್ಷೆಯಾದರೂ ಇರಬೇಕು, ಇಲ್ಲವೇ ಕಾಯಿಲೆಯು ಪ್ರಾಣಾಂತಿಕವಾಗುವ ಸಂಭವವಿರಬೇಕು ಎಂಬುದು ಕಾನೂನಿನ ಮೂಲ ಷರತ್ತು. ಕೆಲವೇ ತಿಂಗಳ ಚಿಕಿತ್ಸೆಯಿಂದ ಚೇತರಿಸಿಕೊಂಡು ಕೆಲಸಕ್ಕೆ ಮರಳಬಲ್ಲವರು ಈ ಷರತ್ತನ್ನು ಪೂರೈಸುವುದಿಲ್ಲ.

ಸೋಶಿಯಲ್ ಸೆಕ್ಯುರಿಟಿ ಆಡಳಿತವು ಕಾಯಿಲೆಗಳ ಒಂದು ಪಟ್ಟಿಯನ್ನು ಇಟ್ಟುಕೊಂಡಿದ್ದು, ಅದರ ಮಾನದಂಡಕ್ಕೆ ಹೊಂದುವಷ್ಟು ತೀವ್ರವಾದ ಕಾಯಿಲೆಯನ್ನು ಅಂಗವೈಕಲ್ಯವೆಂದೇ ಪರಿಗಣಿಸುತ್ತದೆ; ಅದರ 13ನೇ ವಿಭಾಗವು ಕ್ಯಾನ್ಸರಿಗೆ ಮೀಸಲಾಗಿದೆ. ದೂರದ ಅಂಗಗಳಿಗೆ ಹರಡಿದ ಸ್ತನ ಕ್ಯಾನ್ಸರ್ ಅದರಲ್ಲಿ ಸೇರಿದೆ; ಸ್ಮಾಲ್ ಸೆಲ್ ಶ್ವಾಸಕೋಶ ಕ್ಯಾನ್ಸರ್ ಯಾವ ಹಂತದಲ್ಲಿದ್ದರೂ ಸೇರುತ್ತದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಂತಹ ತೀವ್ರ ಕಾಯಿಲೆಗಳ ಅರ್ಜಿಗಳು 2008ರಲ್ಲಿ ಆರಂಭವಾದ ಕಂಪ್ಯಾಷನೇಟ್ ಅಲೊವೆನ್ಸಸ್ ಎಂಬ ಏರ್ಪಾಟಿನಡಿ ಬೇಗ ತೀರ್ಮಾನವಾಗುತ್ತವೆ.

ಎರಡನೇ ಹಂತದ ಕಾಯಿಲೆ ಈ ಪಟ್ಟಿಗೆ ಹೊಂದದಿರುವ ಸಾಧ್ಯತೆಯೇ ಹೆಚ್ಚು. ಆಗ ಚಿಕಿತ್ಸೆಯಿಂದಾದ ತೊಂದರೆಗಳೇ ಅರ್ಜಿಯ ಆಧಾರವಾಗುತ್ತವೆ: ವಿಶ್ರಾಂತಿಗೂ ಬಗ್ಗದ ಬಳಲಿಕೆ, ಬೆರಳುಗಳ ಜೋಮು, ಶಸ್ತ್ರಚಿಕಿತ್ಸೆಯಾದ ಕಡೆಯ ತೋಳಿನ ಊತ, ಗಮನ ನಿಲ್ಲದಿರುವುದು. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಶ್ರಮವನ್ನು ಇಲ್ಲಿಯೇ ಹಾಕಬೇಕು. 'ರೋಗಿ ಚಿಕಿತ್ಸೆಯನ್ನು ಚೆನ್ನಾಗಿ ತಾಳಿಕೊಳ್ಳುತ್ತಿದ್ದಾರೆ' ಎಂದು ವೈದ್ಯರು ಬರೆಯುವ ಸಾಲು ಔಷಧದ ಮಟ್ಟಿಗೆ ಒಳ್ಳೆಯ ಸುದ್ದಿಯಾದರೂ, ರೋಗಿಯನ್ನು ಕಣ್ಣಾರೆ ನೋಡದ ಪರಿಶೀಲಕರಿಗೆ ಅದು ಕೆಲಸ ಮಾಡಬಲ್ಲರು ಎಂಬ ಅರ್ಥವನ್ನು ಕೊಡಬಹುದು. ಆದ್ದರಿಂದ ಅಕ್ಕ ಒಮ್ಮೆಗೆ ಎಷ್ಟು ಹೊತ್ತು ಕೂರಬಲ್ಲರು, ಎಷ್ಟು ಭಾರ ಎತ್ತಬಲ್ಲರು, ತಿಂಗಳಲ್ಲಿ ಎಷ್ಟು ದಿನ ಕೆಲಸ ತಪ್ಪಿಸಬೇಕಾಗುತ್ತದೆ ಎಂಬುದನ್ನು ವೈದ್ಯರಿಂದ ಸ್ಪಷ್ಟವಾಗಿ ಬರೆಸಿ, ಪ್ಯಾಥಾಲಜಿ ವರದಿ (ಅಂಗಾಂಶ ಪರೀಕ್ಷೆಯ ವರದಿ) ಮತ್ತು ಶಸ್ತ್ರಚಿಕಿತ್ಸೆಯ ಟಿಪ್ಪಣಿಯೊಂದಿಗೆ ಸಲ್ಲಿಸಿ.

ಉದ್ಯೋಗ ಆಧಾರಿತ ಭತ್ಯೆಗೆ ಸೋಶಿಯಲ್ ಸೆಕ್ಯುರಿಟಿ ತೆರಿಗೆ ಕಟ್ಟಿದ ದುಡಿಮೆಯ ದಾಖಲೆಯೂ ಬೇಕು. 31 ವರ್ಷ ದಾಟಿದವರು ಸಾಮಾನ್ಯವಾಗಿ ಹಿಂದಿನ 10 ವರ್ಷಗಳಲ್ಲಿ ಸುಮಾರು 5 ವರ್ಷ ದುಡಿದಿರಬೇಕು. ಅರ್ಜಿ ಮಂಜೂರಾದರೂ ಅಂಗವೈಕಲ್ಯ ಆರಂಭವಾದ ಮೇಲಿನ 5 ಪೂರ್ಣ ತಿಂಗಳುಗಳಿಗೆ ಹಣ ಬರುವುದಿಲ್ಲ, ಬೇಗ ತೀರ್ಮಾನವಾಗುವ ಕ್ಯಾನ್ಸರ್ ಅರ್ಜಿಗಳಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ. ದುಡಿಮೆಯ ದಾಖಲೆ ಸಾಲದೆ, ಆದಾಯವೂ ಆಸ್ತಿಯೂ ತೀರ ಕಡಿಮೆ ಇರುವವರಿಗೆ ಎಸ್‌ಎಸ್‌ಐ (ಸಪ್ಲಿಮೆಂಟಲ್ ಸೆಕ್ಯುರಿಟಿ ಇನ್‌ಕಮ್) ಎಂಬ ಬೇರೆ ಯೋಜನೆಯಿದೆ.

ಅರ್ಜಿ ತಿರಸ್ಕೃತವಾದರೆ ದಯವಿಟ್ಟು ಕೈಬಿಡಬೇಡಿ. ಹೊಸದಾಗಿ ಅರ್ಜಿ ಹಾಕುವ ಬದಲು, ತಿರಸ್ಕಾರದ ಪತ್ರ ತಲುಪಿದ 60 ದಿನಗಳೊಳಗೆ, ಆ ನಡುವೆ ಸೇರಿದ ವೈದ್ಯಕೀಯ ದಾಖಲೆಗಳೊಂದಿಗೆ ಮೇಲ್ಮನವಿ ಸಲ್ಲಿಸಿ.