ಮೋಡ ಕವಿದ ವಾರ ಮಾರಾಟ ಯಾಕೆ ಇಳಿಯಿತು?

ಖುಷಿಯಾಗಿರುವ ನೌಕರರು ಚೆನ್ನಾಗಿ ದುಡಿಯುತ್ತಾರೆ ಎಂದರೆ ಯಾರೂ ತಕರಾರು ತೆಗೆಯುವುದಿಲ್ಲ. ಅದನ್ನು ಅಳೆಯಲು ಹೋದವರ ಪಾಡು ಬೇರೆ. 1955ರಲ್ಲಿ ಬ್ರೇಫೀಲ್ಡ್ ಮತ್ತು ಕ್ರಾಕೆಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿ, ಎರಡಕ್ಕೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ ಎಂದುಬಿಟ್ಟರು. 1985ರ ಇನ್ನೊಂದು ಲೆಕ್ಕದಲ್ಲಿ ಸಿಕ್ಕ ಸಹಸಂಬಂಧ 0.17. 2001ರಲ್ಲಿ ತಿಮೋತಿ ಜಡ್ಜ್ ತಂಡ 54 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿದಾಗ ಅದು 0.30ಕ್ಕೆ ಏರಿತು. ಸೊನ್ನೆ ಎಂದರೆ ನಂಟೇ ಇಲ್ಲ, ಒಂದು ಎಂದರೆ ಪೂರ್ತಿ ನಂಟು. ಹಾಗಾಗಿ 0.30 ತೀರಾ ದೊಡ್ಡದೂ ಅಲ್ಲ, ತಳ್ಳಿಹಾಕುವಂಥದ್ದೂ ಅಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಖುಷಿಯಿಂದ ಕೆಲಸ ಚೆನ್ನಾಗುತ್ತದೋ, ಕೆಲಸ ಚೆನ್ನಾಗಿ ಆಗಿದ್ದಕ್ಕೇ ಖುಷಿಯೋ? ಟಾರ್ಗೆಟ್ ಮುಟ್ಟಿದ ವಾರ ಯಾರ ಮುಖ ತಾನೇ ಬಾಡಿರುತ್ತದೆ!

ಈ ಗಂಟು ಬಿಡಿಸಲು ಬೆಲೆಟ್, ಡಿ ನೆವ್, ವಾರ್ಡ್ ಎಂಬ ಸಂಶೋಧಕರು ಬ್ರಿಟಿಷ್ ಟೆಲಿಕಾಂನ 11 ಕಾಲ್ ಸೆಂಟರ್‌ಗಳಿಗೆ ಹೋದರು. ಆರು ತಿಂಗಳ ಕಾಲ ವಾರಕ್ಕೊಮ್ಮೆ, ಫೋನಿನಲ್ಲೇ ಮಾರಾಟ ಮಾಡುವ ಸುಮಾರು 1,800 ನೌಕರರಿಗೆ ಇಮೇಲ್ ಹೋಗುತ್ತಿತ್ತು. ಅಳುಮೋರೆಯಿಂದ ನಗುಮೊಗದವರೆಗೆ ಐದು ಇಮೋಜಿ. ಈ ವಾರ ಹೇಗಿತ್ತೋ ಅದನ್ನು ಒತ್ತಿದರೆ ಮುಗಿಯಿತು. ಜೊತೆಗೆ ಅವರು ಹವಾಮಾನವನ್ನೂ ಲೆಕ್ಕಕ್ಕೆ ತಂದರು. ಜಾಣತನ ಇರುವುದೇ ಇಲ್ಲಿ. ಒಬ್ಬರ ಮಾರಾಟ ಏರಿದ ಮಾತ್ರಕ್ಕೆ ಮೋಡ ಸರಿಯುವುದಿಲ್ಲ. ಕರೆಗಳೂ ದೇಶದ ಎಲ್ಲ ಕಡೆಯಿಂದ ಬರುವುದರಿಂದ ಊರಿನ ಮಳೆ ಗ್ರಾಹಕರ ಮನಸ್ಸನ್ನು ಕೆಡಿಸುವಂತಿಲ್ಲ. ಆದರೆ ಕಿಟಕಿಯಾಚೆ ಮಳೆ ನೋಡುತ್ತ ಕೂತವರ ಮನಸ್ಸು ಮಾತ್ರ ಮಂಕಾಗುತ್ತಿತ್ತು, ಮಾರಾಟವೂ ಕುಸಿಯುತ್ತಿತ್ತು. ಒಟ್ಟಾರೆ, ಖುಷಿಯಾಗಿದ್ದಾಗ ಮಾರಾಟ ಸುಮಾರು ಶೇ. 13ರಷ್ಟು ಹೆಚ್ಚು. ಹಾಗಂತ ಅವರು ಹೆಚ್ಚು ಹೊತ್ತು ಕೂತು ದುಡಿದವರಲ್ಲ. ಗಂಟೆಗೆ ಹೆಚ್ಚು ಕರೆ ಮುಗಿಸಿದರು, ಕರೆ ಮಾಡಿದವರನ್ನು ಹೆಚ್ಚು ಸಲ ಒಪ್ಪಿಸಿದರು. ಬರೀ ಆರ್ಡರ್ ಬರೆದುಕೊಳ್ಳುವಲ್ಲಿ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ಚೌಕಾಸಿ ಮಾಡಿ ಮನವೊಲಿಸುವಲ್ಲಿ ಎದ್ದು ಕಂಡಿತು.

ನನಗೆ ಮುಖ್ಯ ಅನ್ನಿಸುವುದು ಈ ಕೊನೆಯ ಮಾತು. ಮಾತು, ಯೋಚನೆ, ನಾಜೂಕು ಬೇಕಾದ ಕಡೆ ಮನಸ್ಸು ಕೆಲಸದಲ್ಲಿ ಇಣುಕುತ್ತದೆ. ಕಾರ್ಖಾನೆಯಂತೆ ವೇಗವನ್ನು ಉತ್ಪಾದನೆಯ ಲೈನೇ ನಿರ್ಧರಿಸುವ ಕಡೆ ಬೇಸರವಾದರೂ ಕೈ ಓಡಲೇಬೇಕು. ಅಲ್ಲಿ ಬೇಸರ ಕಾಣುವುದು ಹಾಜರಿ ಪುಸ್ತಕದಲ್ಲಿ, ಇಲ್ಲವೇ ಕೆಲಸ ಬಿಟ್ಟವರ ಪಟ್ಟಿಯಲ್ಲಿ.

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಅರ್ಥಶಾಸ್ತ್ರಜ್ಞ ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರು 2016ರಲ್ಲಿ ಕಂಡದ್ದು ಇದನ್ನೇ. ಆ ವರ್ಷದ ಸಂಬಳ ಏರಿಕೆ ಕಾರ್ಮಿಕರ ನಿರೀಕ್ಷೆಗಿಂತ ಕಡಿಮೆಯಿತ್ತು. ಚೀಟಿ ಎತ್ತಿದಂತೆ ಆರಿಸಿದ ಕೆಲವರನ್ನು ಮಾತ್ರ ಕೆಲಸ ಹೇಗಿದೆ, ಸೂಪರ್‌ವೈಸರ್ ಹೇಗೆ ಎಂದು ಹೆಸರು ಹೊರಬರದಂತೆ ಕೇಳಲಾಯಿತು. ಅವರ ಪೈಕಿ ಕೆಲಸ ಬಿಟ್ಟವರ ಪ್ರಮಾಣ ಉಳಿದವರಿಗಿಂತ ಸುಮಾರು ಶೇ. 20ರಷ್ಟು ಕಡಿಮೆಯಾಯಿತು. ಸಂಬಳದ ಬದಲು ಪ್ರಶ್ನಾವಳಿ ಹಂಚಿದರಾಯಿತು ಎಂದು ಮಾಲೀಕರು ಇದನ್ನು ಓದಿಕೊಳ್ಳದಿರಲಿ. ಬಹಳ ಆಸೆ ಇಟ್ಟುಕೊಂಡು ನಿರಾಶರಾದವರಲ್ಲೇ ಈ ಪರಿಣಾಮ ಹೆಚ್ಚಾಗಿ ಕಂಡದ್ದು.